ಕೆಳಗೆ ಪಾರ್ಕಿಂಗ್, ಮೇಲೆ ಮೂರು ಅಂತಸ್ತು: ಧಾರವಾಡದ ಒಂದು ಮನೆಯ ಭೂಕಂಪ ವಿನ್ಯಾಸದ ಪ್ರಕರಣ

ಧಾರವಾಡದ ಪೂರ್ವಕ್ಕೆ, ಎರಿ (ಕಪ್ಪು ಮಣ್ಣಿನ) ಹೊಲಗಳು ಶುರುವಾಗುವ ಕಡೆಗಿನ ಒಂದು ಬಡಾವಣೆಯಲ್ಲಿ ಕಟ್ಟಿದ ಮನೆಯ ವಿಚಾರ ಇದು. ಸೈಟು 40 x 60 ಅಡಿ. ಮೂವರು ಅಣ್ಣತಮ್ಮಂದಿರು ಕೂಡಿ ಕಟ್ಟಿಸಿದ್ದು. ನೆಲಮಟ್ಟದಲ್ಲಿ ಕಾರು ನಿಲ್ಲಿಸುವ ಜಾಗ, ರಸ್ತೆಯ ಕಡೆ ಎರಡು ಅಂಗಡಿ, ಅದರ ಮೇಲೆ ಒಬ್ಬೊಬ್ಬರ ಸಂಸಾರಕ್ಕೆ ಒಂದೊಂದು ಅಂತಸ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಕಳೆದ ಇಪ್ಪತ್ತು ವರ್ಷಗಳಲ್ಲಿ ಎದ್ದ ಮನೆಗಳಲ್ಲಿ ಇಂಥವು ಎಷ್ಟೋ ಇವೆ. ಈ ಪ್ರಕರಣವನ್ನು ಬರೆಯಲು ಆರಿಸಿಕೊಂಡ ಕಾರಣವೂ ಅದೇ. ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ತೀರ್ಮಾನಗಳನ್ನು ಮತ್ತು ಅವು ಹುಟ್ಟಿದ ಕಾರಣಗಳನ್ನು ಬದಲಿಸಿಲ್ಲ.

ಎಂಜಿನಿಯರಾದ ನನ್ನನ್ನು ಕರೆದದ್ದು ನಕ್ಷೆಗೆ ಮಂಜೂರಾತಿ ಸಿಕ್ಕ ಮೇಲೆ, ಪಾಯ ತೋಡುವ ಮುಂಚೆ. ಕಾಲಂ, ಬೀಮುಗಳ ಮೊದಲ ಡ್ರಾಯಿಂಗ್ ಆಗಲೇ ತಯಾರಿತ್ತು.

ಮೊದಲ ಡ್ರಾಯಿಂಗಿನಲ್ಲಿದ್ದದ್ದು

ಕಾಲಂಗಳೆಲ್ಲ 9 ಇಂಚು ಅಗಲ, 18 ಇಂಚು ಉದ್ದ. ಗೋಡೆಯ ದಪ್ಪಕ್ಕೆ ಸರಿಹೊಂದಲಿ, ಕೋಣೆಯೊಳಗೆ ಮೂಲೆ ಕಾಣದಿರಲಿ ಎಂಬುದು ಆ ಅಳತೆಯ ಹಿಂದಿನ ಲೆಕ್ಕ. ಎಲ್ಲ ಕಾಲಂಗಳ ಉದ್ದನೆಯ ಮೈ ಒಂದೇ ದಿಕ್ಕಿಗಿತ್ತು. ಅಂದರೆ ಕಟ್ಟಡ ಒಂದು ದಿಕ್ಕಿನಲ್ಲಿ ಗಟ್ಟಿ, ಇನ್ನೊಂದು ದಿಕ್ಕಿನಲ್ಲಿ ತೆಳು. ಬೀಮುಗಳು 24 ಇಂಚು ಆಳದವು, ಒಳಗೆ ದಪ್ಪ ರಾಡು. ಲಿಫ್ಟು ಮತ್ತು ಮೆಟ್ಟಿಲು ಹಿಂದಿನ ಎಡಮೂಲೆಯಲ್ಲಿ, ಇಟ್ಟಂಗಿ ಗೋಡೆಯೊಳಗೆ. ಮುಂದಿನ ಭಾಗದಲ್ಲಿ ಮೊದಲ ಅಂತಸ್ತು ನಾಲ್ಕು ಅಡಿ ಹೊರಗೆ ಚಾಚಿತ್ತು. ಆ ಚಾಚಿದ ಬೀಮಿನ ತುದಿಯ ಮೇಲೆ ಹೊಸದಾಗಿ ಎರಡು ಕಾಲಂ ಎದ್ದು ಮೇಲಕ್ಕೆ ಹೋಗುತ್ತಿದ್ದವು, ಕೆಳಗೆ ನೆಲಕ್ಕೆ ಅವಕ್ಕೆ ಕಾಲೇ ಇರಲಿಲ್ಲ. ಮಾಳಿಗೆಯ ಒಂದು ಮೂಲೆಗೆ ಹತ್ತು ಸಾವಿರ ಲೀಟರಿನ ಟಾಕಿ. ನೆಲಮಟ್ಟದಲ್ಲಿ ಅಂಗಡಿಯ ಹಿಂದೆಲ್ಲ ಬಯಲು, ಬರೀ ಕಾಲಂಗಳು.

ಲೆಕ್ಕದ ಹಾಳೆಯಲ್ಲಿ ಕಟ್ಟಡದ ಸ್ವಂತ ತೂಕ ಮತ್ತು ಒಳಗಿನ ಜನ-ಸಾಮಾನುಗಳ ಭಾರ ಮಾತ್ರ ಇತ್ತು. ಅಡ್ಡಕ್ಕೆ ತಳ್ಳುವ ಬಲದ ಲೆಕ್ಕ ಎಲ್ಲೂ ಇರಲಿಲ್ಲ. ಅದನ್ನು ಮಾಡಿದವರು ಅಜಾಗರೂಕರು ಎನ್ನಲಾರೆ. ಕೆಳಮುಖದ ಭಾರಕ್ಕೆ ಆ ಲೆಕ್ಕ ಸಾಕಾಗಿತ್ತು, ಮನೆ ತನ್ನ ಪಾಡಿಗೆ ತಾನು ನಿಲ್ಲುತ್ತಿತ್ತು. ನೆಲ ಅಲುಗಾಡಿದರೆ ಏನಾಗುತ್ತದೆಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಕೇಳಿದವರು ಹಿರಿಯಣ್ಣ. ಬ್ಯಾಂಕಿನ ಕೆಲಸದಲ್ಲಿದ್ದಾಗ ಅವರಿಗೆ ಅಹಮದಾಬಾದಿಗೆ ವರ್ಗವಾಗಿತ್ತು. ಗುಜರಾತಿನಲ್ಲಿ ಭೂಕಂಪವಾದ 2001ರ ಜನವರಿ 26ರಂದು ಅವರು ಅಲ್ಲೇ ಇದ್ದರು. ಭುಜ್ ಹತ್ತಿರದ ಭೂಕಂಪ ಕೇಂದ್ರದಿಂದ ಅಹಮದಾಬಾದ್ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ದೂರ. ಆದರೂ ಅಲ್ಲಿ ನೂರಕ್ಕೂ ಹೆಚ್ಚು ಬಹುಮಹಡಿ ಕಾಂಕ್ರೀಟ್ ಕಟ್ಟಡಗಳು ಕುಸಿದವು. ಅವುಗಳಲ್ಲಿ ಬಹಳಷ್ಟು ಕೆಳಗೆ ಪಾರ್ಕಿಂಗಿಗೆ ಬಯಲು ಬಿಟ್ಟು ಮೇಲೆ ಮನೆ ಕಟ್ಟಿದಂಥವು. ತಮ್ಮದೇ ಮನೆಯ ನಕ್ಷೆಯಲ್ಲಿ ಅದೇ ಆಕಾರ ಕಂಡು ಅವರಿಗೆ ನಿದ್ದೆ ಹತ್ತಿರಲಿಲ್ಲ.

“ನಮ್ಮಲ್ಲಿ ಭೂಕಂಪ ಎಲ್ಲಿ ಆಗೇತ್ರಿ?”

ಮೊದಲ ಸಭೆಯಲ್ಲಿ ಗುತ್ತಿಗೆದಾರರು ಕೇಳಿದ್ದು ಇದನ್ನೇ. “ಸಾಹೇಬ್ರ, ಧಾರವಾಡದಾಗ ಭೂಕಂಪ ಎಲ್ಲಿ ಆಗೇತ್ರಿ? ಗಟ್ಟಿ ನೆಲ ಇದು. ಸುಮ್ನ ಖರ್ಚು ಹೆಚ್ಚ ಮಾಡ್ಕೋಬ್ಯಾಡ್ರಿ.” ನಡುವಿನ ತಮ್ಮ ಅವರ ಮಾತಿಗೆ ತಲೆ ಆಡಿಸಿದರು.

ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡದೆ ಮುಂದೆ ಹೋದರೆ ಆಮೇಲಿನ ಪ್ರತಿ ರಾಡಿಗೂ ಜಗಳವಾಗುತ್ತದೆ. ಭಾರತದ ಭೂಕಂಪ ಮಾನಕವಾದ ಐಎಸ್ 1893, ತನ್ನ 2002 ಮತ್ತು 2016ರ ಆವೃತ್ತಿಗಳಲ್ಲಿ ದೇಶವನ್ನು ಎರಡರಿಂದ ಐದರವರೆಗೆ ನಾಲ್ಕು ವಲಯಗಳಾಗಿ ವಿಂಗಡಿಸಿತ್ತು, ಅಂಕೆ ಏರಿದಷ್ಟೂ ಅಪಾಯ ಹೆಚ್ಚು. ನಮ್ಮ ಕೆಲಸ ನಡೆದಾಗ ಜಾರಿಯಲ್ಲಿದ್ದದ್ದು 2016ರದು. ಅದರ ಪ್ರಕಾರ ಬೆಂಗಳೂರು ಎರಡನೇ ವಲಯ, ಧಾರವಾಡ ಮೂರನೇ ವಲಯ. ಬೆಳಗಾವಿ, ವಿಜಯಪುರ, ಕಾರವಾರಗಳೂ ಅದರಲ್ಲಿ ಮೂರರಲ್ಲೇ ಇದ್ದವು. “ಬೆಂಗಳೂರಾಗ ಹಿಂಗ ಕಟ್ತಾರ” ಎನ್ನುವ ಮಾತು ಇಲ್ಲಿಗೆ ಸಲ್ಲುವುದಿಲ್ಲ. ಅಹಮದಾಬಾದೂ ಆಗ ಮೂರನೇ ವಲಯದ್ದೇ. ಇದನ್ನು ಹೇಳಿದಾಗ ಹಿರಿಯಣ್ಣ ತಮ್ಮಂದಿರ ಕಡೆ ತಿರುಗಿ ನೋಡಿದರು, ಏನೂ ಮಾತಾಡಲಿಲ್ಲ.

ಗಟ್ಟಿ ನೆಲ ಎಂಬ ನಂಬಿಕೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲೇ ಸುಳ್ಳಾಗಿದೆ. ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ ಆದದ್ದು ದಖ್ಖನದ ಗಟ್ಟಿ ಕಲ್ಲಿನ ನಡುವೆ, ಆಗಿನ ನಕಾಶೆಯಲ್ಲಿ ಅತ್ಯಂತ ಕಡಿಮೆ ಅಪಾಯದ ಒಂದನೇ ವಲಯ ಎಂದು ಗುರುತಿಸಿದ್ದ ಜಾಗದಲ್ಲಿ. ಹತ್ತು ಸಾವಿರದ ಆಸುಪಾಸು ಜನ ಸತ್ತರು. ಆ ಒಂದನೇ ವಲಯವನ್ನು 2002ರಲ್ಲಿ ಮಾನಕದಿಂದಲೇ ತೆಗೆದು ಎರಡಕ್ಕೆ ಸೇರಿಸಿದರು. ಇತ್ತ ಮಹಾರಾಷ್ಟ್ರದ್ದೇ ಆದ 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪವಿದೆ. ಧಾರವಾಡದಿಂದ ಕೊಯ್ನಾ ನೇರ ಗೆರೆಯಲ್ಲಿ ಸುಮಾರು 250 ಕಿಲೋಮೀಟರ್. ಭುಜ್ ಭೂಕಂಪದ ಶಕ್ತಿ ಕೊಯ್ನಾದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು ಎಂದೂ ಅವರಿಗೆ ಹೇಳಿದೆ. ಹೆದರಿಸಿ ಒಪ್ಪಿಸಿದ ಮನೆಯವರು ಹೆದರಿಕೆ ಇಳಿದ ಮೇಲೆ ಖರ್ಚು ಕಡಿತಗೊಳಿಸಲು ಕೂಡುತ್ತಾರೆ. ಲೆಕ್ಕ ನೋಡಿ ಒಪ್ಪಿದವರು ಹಾಗೆ ಮಾಡುವುದು ಕಡಿಮೆ.

ಲೆಕ್ಕ ಹೀಗಿತ್ತು. ಕಟ್ಟಡದ ತೂಕ ಹೆಚ್ಚುಕಡಿಮೆ 700 ಟನ್. ಮೂರನೇ ವಲಯದ ಗುಣಾಂಕ 0.16, ವಿನ್ಯಾಸಕ್ಕೆ ಹಿಡಿಯುವುದು ಅದರ ಅರ್ಧ, 0.08, ಇಷ್ಟು ಎತ್ತರದ ಗಿಡ್ಡ ಕಟ್ಟಡಕ್ಕೆ ಸ್ಪಂದನೆಯ ಗುಣಾಂಕ 2.5, ಬಾಗಿ ತಾಳಬಲ್ಲ ಚೌಕಟ್ಟಿಗೆ ಕೊಡುವ ರಿಯಾಯಿತಿ 5 (ಇದರಿಂದ ಭಾಗಿಸಬೇಕು). ಎಲ್ಲ ಸೇರಿ ತೂಕದ ನೂರಕ್ಕೆ 4, ಅಂದರೆ 28 ಟನ್ ಅಡ್ಡಬಲ ಬುಡಕ್ಕೆ ಬೀಳುತ್ತದೆಂದು ವಿನ್ಯಾಸ ಮಾಡಬೇಕು.

ನಡುವಿನವರಿಗೆ ನಿರಾಳವಾಯಿತು. “ಇಷ್ಟ ಏನು?” ಎಂದರು. ಈ ಪ್ರಕರಣದ ಜೀವಾಳ ಇರುವುದೇ ಆ 5 ಎಂಬ ಅಂಕೆಯಲ್ಲಿ. ಕಟ್ಟಡ ಸ್ವಲ್ಪವೂ ಬಿರುಕು ಬಿಡದೆ, ಬಾಗದೆ ನಿಲ್ಲಬೇಕೆಂದರೆ ಎದುರಿಸಬೇಕಾದ ಬಲ 28 ಅಲ್ಲ, 140 ಟನ್. ಅಷ್ಟಕ್ಕೆ ಕಟ್ಟುವುದು ಸಾಮಾನ್ಯ ಮನೆಗೆ ದುಬಾರಿ. ಅದಕ್ಕೆ ಮಾನಕ ಒಂದು ಕರಾರು ಮಾಡಿಕೊಳ್ಳುತ್ತದೆ: ನೀನು ಐದನೇ ಒಂದು ಭಾಗಕ್ಕೆ ವಿನ್ಯಾಸ ಮಾಡು, ಆದರೆ ಬೀಮುಗಳ ತುದಿ ಬಿರುಕು ಬಿಟ್ಟು ಬಾಗಿದರೂ ಮುರಿದು ಬೀಳದಂತೆ ರಾಡು, ಅವನ್ನು ಸುತ್ತಿ ಹಿಡಿಯುವ ರಿಂಗು ಕಟ್ಟು. ಹೇಗೆ ಕಟ್ಟಬೇಕೆಂದು ಐಎಸ್ 13920 ಎಂಬ ಇನ್ನೊಂದು ಮಾನಕ ಹೇಳುತ್ತದೆ. 2016ರ ನಿಯಮದ ಪ್ರಕಾರ ಮೂರನೇ ವಲಯದಲ್ಲಿ ಇದು ಕಡ್ಡಾಯ. ಡ್ರಾಯಿಂಗಿನಲ್ಲಿ 28 ಟನ್ನಿನ ರಿಯಾಯಿತಿ ಪಡೆದು, ಸೈಟಿನಲ್ಲಿ ಹಳೇ ರೂಢಿಯಂತೆ ರಿಂಗು ಕಟ್ಟಿದರೆ ಕರಾರು ಮುರಿದ ಹಾಗೆ. ಆ ಮನೆಗೆ ಭೂಕಂಪದ ವಿನ್ಯಾಸ ಆಗಿದೆ ಎಂದು ಯಾರೂ ಹೇಳಬಾರದು, ಎಲ್ಲ ಸರಿ ಇದೆ ಎಂದು ಕಂಪ್ಯೂಟರ್ ಎಷ್ಟೇ ಹಸಿರು ಬಣ್ಣ ತೋರಿಸಲಿ.

ರಾಡು ದಪ್ಪ ಮಾಡಿದರೆ ಸಾಲದೇ?

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು ಹಲವರು ಜೀವ ಕಳೆದುಕೊಂಡರು. ಅದು ಭೂಕಂಪದಿಂದ ಆದದ್ದಲ್ಲ. ಆದರೆ ಅದಾದ ಮೇಲೆ ಈ ಊರಿನ ಜನ ಮನೆ ಕಟ್ಟುವಾಗ “ಗಟ್ಟಿ ಆಗ್ತೈತಿಲ್ರಿ?” ಎಂದು ಕೇಳತೊಡಗಿದ್ದಾರೆ. ಅದು ಒಳ್ಳೆಯದೇ. ಗಟ್ಟಿ ಎಂದರೆ ದಪ್ಪ ರಾಡು, ಆಳವಾದ ಬೀಮು ಎಂಬ ತಿಳಿವಳಿಕೆ ಮಾತ್ರ ಭೂಕಂಪಕ್ಕೆ ತಿರುಗುಬಾಣ. ನಡುವಿನ ತಮ್ಮ ಪ್ರತಿ ಸಲವೂ ಹೇಳುತ್ತಿದ್ದದ್ದು, “ಬೀಮಿನ ರಾಡ್ ಒಂದು ಸೈಜ್ ದಪ್ಪ ಹಾಕಿಬಿಡ್ರಿ, ಮುಗೀತು.”

ಬೀಮಿಗೆ ರಾಡು ಹೆಚ್ಚಿಸಿದಷ್ಟೂ ಬೀಮು ಬಾಗಲು ಒಪ್ಪುವುದಿಲ್ಲ. ನೆಲ ಅಲುಗಿದಾಗ ಯಾವುದಾದರೂ ಒಂದು ಸೋಲಲೇಬೇಕು. ಬೀಮು ಸೋಲದಿದ್ದರೆ ಕಾಲಂ ಸೋಲುತ್ತದೆ. ಬೀಮಿನ ತುದಿ ಬಿರುಕು ಬಿಟ್ಟರೆ ಒಂದು ಕೋಣೆ ಕೆಡುತ್ತದೆ, ಕಾಲಂ ಸೋತರೆ ಅದರ ಮೇಲಿನ ಎಲ್ಲ ಅಂತಸ್ತೂ ಇಳಿಯುತ್ತವೆ. ಅದಕ್ಕೇ ಒಂದು ಕೂಡಿನಲ್ಲಿ (ಕಾಲಂ, ಬೀಮು ಕೂಡುವ ಜಾಗದಲ್ಲಿ) ಸೇರುವ ಕಾಲಂಗಳ ಒಟ್ಟು ಬಾಗುಶಕ್ತಿ ಬೀಮುಗಳದ್ದಕ್ಕಿಂತ ಕನಿಷ್ಠ 1.4 ಪಟ್ಟು ಇರಬೇಕೆಂದು ನಿಯಮ. ಮೊದಲ ಡ್ರಾಯಿಂಗಿನಲ್ಲಿ ಇದು ಪೂರ್ತಿ ತಲೆಕೆಳಗಾಗಿತ್ತು: 24 ಇಂಚಿನ ಬೀಮು, 9 ಇಂಚಿನ ಕಾಲಂ.

ಬೀಮುಗಳನ್ನು 18 ಇಂಚಿಗೆ ಇಳಿಸಿದೆವು. ಕಾಲಂಗಳನ್ನು 350 x 450 ಮಿಲಿಮೀಟರಿಗೆ, ಅಂದರೆ ಸುಮಾರು 14 x 18 ಇಂಚಿಗೆ ಏರಿಸಿ ಅರ್ಧದಷ್ಟನ್ನು ಅಡ್ಡ ತಿರುಗಿಸಿದೆವು. 350 ಯಾಕೆಂದರೆ, ಬೀಮಿನ ರಾಡು ಕಾಲಂ ಮೂಲಕ ಹಾಯುವಾಗ ಹಿಡಿತ ತಪ್ಪಬಾರದು. ಅದಕ್ಕೆ ಕಾಲಂ ಅಗಲ ಆ ರಾಡಿನ ವ್ಯಾಸದ 20 ಪಟ್ಟಿಗೆ ಕಡಿಮೆ ಇರಬಾರದು, ಹೇಗೂ 300 ಮಿಲಿಮೀಟರಿಗೆ ಕಡಿಮೆ ಆಗಬಾರದು. ನಮ್ಮ ಬೀಮಿಗೆ 16 ಮಿಲಿಮೀಟರಿನ ರಾಡು, ಇಪ್ಪತ್ತು ಪಟ್ಟು ಎಂದರೆ 320. ಇಲ್ಲಿ ಮನೆಯವರ ಜೊತೆ ನಿಜವಾದ ಹಗ್ಗಜಗ್ಗಾಟವಾಯಿತು. 9 ಇಂಚಿನ ಗೋಡೆಯಲ್ಲಿ 14 ಇಂಚಿನ ಕಾಲಂ ನಿಂತರೆ ಐದು ಇಂಚು ಎಲ್ಲಾದರೂ ಹೊರಗೆ ಬರಲೇಬೇಕು. ದೇವರ ಮನೆಯಲ್ಲಿ ಬೇಡ, ಹಾಲ್ ಕೋಣೆಯಲ್ಲಿ ಬೇಡ. ಕೊನೆಗೆ ಹೊರಗೋಡೆಯ ಕಾಲಂಗಳ ಉಬ್ಬನ್ನು ಹೊರಕ್ಕೆ ತಳ್ಳಿದೆವು, ಒಳಗಿನವುಗಳ ಪಕ್ಕದಲ್ಲಿ ಕಪಾಟು ಬರುವಂತೆ ಕೋಣೆಗಳನ್ನು ಸರಿಸಿದೆವು. ಎರಡು ಕಡೆ ಮಾತ್ರ ಮೂಲೆ ಕಾಣುವಂತೆ ಉಳಿಯಿತು.

ಮುಂದೆ ಚಾಚಿದ ಬೀಮಿನ ತುದಿಯಲ್ಲಿದ್ದ ಆ ಎರಡು ಕಾಲಂ ಬಗ್ಗೆ ಚರ್ಚೆಗೆ ನಾನು ಒಪ್ಪಲಿಲ್ಲ. ಮೇಲಿನಿಂದ ಬರುವ ಬಲಕ್ಕೆ ನೆಲದವರೆಗೆ ನೇರ ದಾರಿ ಬೇಕು. ಅಡ್ಡಬಲ ತಾಳುವ ಚೌಕಟ್ಟಿನಲ್ಲಿ ಇಂಥ ನೆಲ ಮುಟ್ಟದ, ತೇಲುವ ಕಾಲಂ ಇರಕೂಡದೆಂದು ಮಾನಕವೇ ಹೇಳುತ್ತದೆ. ಅವುಗಳನ್ನು ತೆಗೆದು, ಮುಂದೆ ಹಗುರವಾದ ಬಾಲ್ಕನಿ ಮಾತ್ರ ಉಳಿಸಿದೆವು. ಮೂರೂ ಅಂತಸ್ತಿನ ಮುಂದಿನ ಮಲಗುವ ಕೋಣೆ ಚಿಕ್ಕದಾಯಿತು.

ಟಾಕಿಯ ವಿಷಯ ಬೇಗ ಬಗೆಹರಿಯಿತು. ಹತ್ತು ಸಾವಿರ ಲೀಟರ್ ಎಂದರೆ ನೀರೇ ಹತ್ತು ಟನ್, ಅದೂ ತುತ್ತತುದಿಯ ಒಂದು ಮೂಲೆಗೆ. ನೆಲದಡಿ ಸಂಪು ದೊಡ್ಡದು ಮಾಡಿ, ಮೇಲೆ ಸಣ್ಣ ಪ್ಲಾಸ್ಟಿಕ್ ಟಾಕಿಗಳನ್ನು ಹಂಚಿ ಇಟ್ಟೆವು. ಧಾರವಾಡದಲ್ಲಿ ನೀರು ದಿನವೂ ಬರದ ಕಾಲ ಎಲ್ಲರಿಗೂ ನೆನಪಿದೆ, ಸಂಪು ಹೇಗೂ ಬೇಕಾಗಿತ್ತು.

ಒಳಗಿನ ಗೋಡೆಗಳನ್ನು ಇಟ್ಟಂಗಿಯ ಬದಲು ಹಗುರವಾದ ಎಎಸಿ ಬ್ಲಾಕಿನಲ್ಲಿ (ಒಳಗೆ ಗಾಳಿಗುಳ್ಳೆಗಳಿರುವ ಕಾಂಕ್ರೀಟು) ಕಟ್ಟಿದೆವು. ಅದರ ತೂಕ ಇಟ್ಟಂಗಿ ಗೋಡೆಯ ಮೂರನೇ ಒಂದು ಭಾಗದ ಸುಮಾರು. ತೂಕ ಇಳಿದಷ್ಟೂ ಭೂಕಂಪದ ಬಲವೂ ಇಳಿಯುತ್ತದೆ. “ಮೊಳೆ ನಿಲ್ಲೂದಿಲ್ಲಂತಲ್ರಿ” ಎಂಬ ಆಕ್ಷೇಪ ಬಂತು. ಹೊರಗೋಡೆ ಇಟ್ಟಂಗಿಯದ್ದೇ ಇರಲಿ ಎಂಬಲ್ಲಿಗೆ ರಾಜಿಯಾಯಿತು.

ಪಾರ್ಕಿಂಗ್

ಎಲ್ಲಕ್ಕಿಂತ ಕಷ್ಟದ ತೀರ್ಮಾನ ನೆಲಮಟ್ಟದ್ದು. ಮೇಲಿನ ಮೂರು ಅಂತಸ್ತಿನಲ್ಲಿ ಕಾಲಂಗಳ ನಡುವೆ ಗೋಡೆಗಳಿವೆ. ನೆಲ ಅಲುಗಿದಾಗ ಆ ಗೋಡೆಗಳು ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಊರುಗೋಲಿನ ಕೆಲಸ ಮಾಡುತ್ತವೆ, ಮೇಲಿನ ಭಾಗವೆಲ್ಲ ಒಂದು ಇಡಿಯಾಗಿ ಚಲಿಸುತ್ತದೆ. ಕೆಳಗೆ ಗೋಡೆ ಇಲ್ಲ. ಆಗ ಇಡೀ ವಾಲುವಿಕೆ ಆ ಒಂದೇ ಅಂತಸ್ತಿನ ಕಾಲಂಗಳ ಮೇಲೆ ಬೀಳುತ್ತದೆ. ಅಹಮದಾಬಾದಿನಲ್ಲಿ ಹಿರಿಯಣ್ಣ ಕಂಡದ್ದು ಇದರ ಪರಿಣಾಮವನ್ನೇ.

ಇಲ್ಲಿ ವಿನ್ಯಾಸ ಮಾಡುವವರು ಗಮನಿಸಬೇಕಾದ ಒಂದು ಬಲೆ ಇದೆ. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಕಾಲಂ, ಬೀಮುಗಳನ್ನಷ್ಟೇ ಹಾಕುತ್ತೇವೆ, ಗೋಡೆಯನ್ನು ಬರೀ ತೂಕವಾಗಿ ತೋರಿಸುತ್ತೇವೆ. ಆ ಮಾದರಿಯಲ್ಲಿ ಎಲ್ಲ ಅಂತಸ್ತುಗಳ ಬಿಗಿತವೂ ಹೆಚ್ಚುಕಡಿಮೆ ಒಂದೇ ಆಗಿ ಕಾಣುತ್ತದೆ. ಕೆಳಗಿನ ಅಂತಸ್ತು ಮೆತ್ತಗಿದೆ ಎಂಬುದು ಅಲ್ಲಿ ಹೊರಬೀಳುವುದೇ ಇಲ್ಲ. ನಾವು ಮೇಲಿನ ಗೋಡೆಗಳನ್ನು ಓರೆ ಊರುಗೋಲುಗಳಾಗಿ ಸೇರಿಸಿ ಇನ್ನೊಮ್ಮೆ ಲೆಕ್ಕ ಹಾಕಿದಾಗ ನೆಲಮಟ್ಟದ ನಿಜಸ್ಥಿತಿ ಗೊತ್ತಾಯಿತು.

ದಾರಿಗಳು ಎರಡಿದ್ದವು. ಕೆಳಗಿನ ಕಾಲಂಗಳನ್ನಷ್ಟೇ ಬಹಳ ದೊಡ್ಡದು ಮಾಡುವುದು, ಇಲ್ಲವೇ ಕೆಲವು ಕಡೆ ಕಾಂಕ್ರೀಟ್ ಗೋಡೆ ಎತ್ತುವುದು. ಮಾನಕ ಬಯಸುವುದು ಎರಡನೆಯದನ್ನು ಅಥವಾ ಉಕ್ಕಿನ ಓರೆ ಕಟ್ಟನ್ನು. ನಾನು ಗೋಡೆ ಆರಿಸಿಕೊಂಡೆ. ಅವನ್ನು ಎಲ್ಲಿ ಇಡಬೇಕೆಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಸುಲಭದ ಜಾಗ ಹಿಂದಿನ ಎಡಮೂಲೆಯ ಲಿಫ್ಟು. ಗುತ್ತಿಗೆದಾರರೂ “ಲಿಫ್ಟಿನ ಸುತ್ತ ಕಾಂಕ್ರೀಟ್ ಮಾಡಿದ್ರ ಆತಲ್ರಿ” ಎಂದರು. ಅಲ್ಲಿ ಮಾತ್ರ ಬಿಗಿ ಮಾಡಿದರೆ ಕಟ್ಟಡ ಆ ಮೂಲೆಯನ್ನು ಹಿಡಿದುಕೊಂಡು ತಿರುಚುತ್ತದೆ, ಎದುರಿನ ಮುಂದಿನ ಬಲಮೂಲೆಯ ಕಾಲಂಗಳು ಎಲ್ಲಕ್ಕಿಂತ ಹೆಚ್ಚು ಸರಿಯುತ್ತವೆ. ಎದುರು ಮೂಲೆಗೂ ಎರಡೂ ದಿಕ್ಕಿನಲ್ಲಿ ಗೋಡೆ ಬೇಕು. ಎದುರು ಮೂಲೆಯಲ್ಲಿ ಇದ್ದದ್ದು ಬಾಡಿಗೆ ತರುವ ಅಂಗಡಿ.

ನಡುವಿನ ತಮ್ಮನಿಗೆ ಅಂಗಡಿಯ ಬಾಡಿಗೆಯ ಮೇಲೆ ಮನಸ್ಸು. ಕಿರಿಯ ತಮ್ಮನಿಗೆ ನಾಲ್ಕು ಕಾರು ನಿಲ್ಲಲೇಬೇಕು. ಹಾಳೆಯ ಮೇಲೆ ಮಾತು ಮುಗಿಯದಾದಾಗ ಕಿರಿಯ ತಮ್ಮನೇ ಸೈಟಿನಲ್ಲಿ ಸುಣ್ಣದ ಪುಡಿಯಿಂದ ಕಾಲಂ, ಗೋಡೆಗಳ ಗೆರೆ ಹಾಕಿಸಿ, ತಮ್ಮ ಕಾರು ತಂದು ಒಳಗೆ ತಿರುಗಿಸಿ ನೋಡಿದರು. ಮೂರು ಸಲೀಸು, ನಾಲ್ಕನೆಯದು ಮುಂದಿನ ಬಿಡುಜಾಗದಲ್ಲಿ ನಿಲ್ಲಬೇಕು. ಅಂಗಡಿಗಳ ನಡುವಿನ ಗೋಡೆ ಮತ್ತು ಬಲಅಂಗಡಿಯ ಹಿಂಗೋಡೆ ಕಾಂಕ್ರೀಟಿನದಾದರೆ ಶಟರಿನ ಅಗಲಕ್ಕೆ ಧಕ್ಕೆ ಇಲ್ಲ ಎಂಬುದೂ ಆ ಗೆರೆಗಳ ನಡುವೆ ನಿಂತಾಗಲೇ ಎಲ್ಲರಿಗೂ ಕಂಡಿತು. ಅಂಗಡಿ ಗೋಡೆಯಲ್ಲಿ ಮುಂದೆಂದೂ ಬಾಗಿಲು ಒಡೆಯುವ ಹಾಗಿಲ್ಲ ಎಂದು ಅಲ್ಲೇ ಹೇಳಿ, ಒಪ್ಪಿಸಿ, ಡ್ರಾಯಿಂಗಿನ ಮೇಲೆ ಬರೆದೆವು. ಹೀಗೆ ಎರಡು ಎದುರು ಭಾಗಗಳಲ್ಲಿ, ಎರಡೂ ದಿಕ್ಕಿಗೆ, 200 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಗೋಡೆಗಳು ಪಾಯದಿಂದ ಮಾಳಿಗೆಯವರೆಗೆ ಕಡಿಯದೆ ಹೋದವು.

ಪಾಯದ ಬಗ್ಗೆ ಚಿಕ್ಕದಾಗಿ: ಮೇಲೆ ಎರಡು ಮೀಟರಿನಷ್ಟು ಎರಿ ಮಣ್ಣು, ಕೆಳಗೆ ಗಟ್ಟಿ ಗರಸು. ಎರಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಫುಟಿಂಗುಗಳನ್ನೆಲ್ಲ ಗರಸಿನ ಮೇಲೆ ಕೂಡಿಸಿ, ಎರಡೂ ದಿಕ್ಕಿನಲ್ಲಿ ಬೀಮಿನಿಂದ ಒಂದಕ್ಕೊಂದು ಕಟ್ಟಿದೆವು.

ರಿಂಗು

ಇಲ್ಲಿಯವರೆಗಿನದೆಲ್ಲ ಹಾಳೆಯ ಮೇಲಿನ ಕೆಲಸ. ಮುಂದಿನದು ರಾಡು ಕಟ್ಟುವವರ ಕೈಯಲ್ಲಿತ್ತು.

ರೂಢಿಯಲ್ಲಿ ಕಾಲಂ ರಿಂಗುಗಳನ್ನು 8 ಇಂಚಿಗೊಂದರಂತೆ ಮೇಲಿಂದ ಕೆಳಗೆ ಒಂದೇ ಅಂತರದಲ್ಲಿ ಹಾಕುತ್ತಾರೆ. ಹುಕ್ಕನ್ನು ಕಾಟಕೋನಕ್ಕೆ, 90 ಡಿಗ್ರಿಗೆ, ಮಡಚುತ್ತಾರೆ. ನಮ್ಮ ಡ್ರಾಯಿಂಗಿನಲ್ಲಿ ಕಾಲಂನ ಮೇಲಿನ ಮತ್ತು ಕೆಳಗಿನ 450 ಮಿಲಿಮೀಟರಿನಲ್ಲಿ ಮೂರು ಇಂಚಿಗೊಂದು ರಿಂಗು, ನಡುವೆ ಆರು ಇಂಚಿಗೊಂದು. ಹುಕ್ಕು 135 ಡಿಗ್ರಿ ಬಾಗಿ ಕಾಂಕ್ರೀಟಿನ ಒಡಲೊಳಗೆ ಕನಿಷ್ಠ 65 ಮಿಲಿಮೀಟರ್ ಚುಚ್ಚಿಕೊಂಡಿರಬೇಕು. ಉದ್ದ ರಾಡಿನ ಲ್ಯಾಪು (ಒಂದು ರಾಡಿನ ಪಕ್ಕ ಇನ್ನೊಂದನ್ನು ಜೋಡಿಸುವ ಜಾಗ) ಸ್ಲ್ಯಾಬಿನ ಮೇಲೆಯೇ ಬರಬಾರದು, ಕಾಲಂನ ನಡುಭಾಗದಲ್ಲಿ ಬರಬೇಕು, ಅದೂ ಒಂದೇ ಮಟ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ರಾಡುಗಳದ್ದಲ್ಲ.

ರಾಡಿನ ಮೇಸ್ತ್ರಿ ಈ ಭಾಗದವರೇ, ಮೂವತ್ತು ವರ್ಷದ ಅನುಭವ. “ಯಾಕ್ರಿ ಇಷ್ಟು?” ಎಂದು ಅವರು ಕೇಳಿದ್ದು ಮೊಂಡುತನದಿಂದಲ್ಲ. ಜೋಳದ ಚೀಲದ ಮಾತು ಹೇಳಿದೆ. ಅಲುಗಾಟದಲ್ಲಿ ಕಾಲಂ ತುದಿಯ ಕಾಂಕ್ರೀಟು ಒಳಗೊಳಗೆ ಪುಡಿಯಾಗುತ್ತದೆ. ಚೀಲ ಬಿಗಿಯಾಗಿದ್ದರೆ ಕಾಳು ಕಾಳಾದರೂ ಭಾರ ಹೊರುತ್ತದೆ, ಹೊಲಿಗೆ ಬಿಚ್ಚಿದರೆ ಸುರಿದುಹೋಗುತ್ತದೆ. 90 ಡಿಗ್ರಿಯ ಹುಕ್ಕು ಹೊರಗಿನ ಪದರ ಉದುರಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಅವರಿಗೆ ತಕ್ಷಣ ತಿಳಿಯಿತು, ನನಗಿಂತ ಚೆನ್ನಾಗಿ ತಮ್ಮ ಹುಡುಗರಿಗೆ ಹೇಳಿದರು.

ತಿಳಿದ ಮೇಲೂ ಕೆಲಸ ಸರಿಯಾಗಿ ಬರಲಿಲ್ಲ. ಒಂದು ಕಾಲಂನಲ್ಲಿ ಸರಿ, ಪಕ್ಕದ್ದರಲ್ಲಿ ನಾಲ್ಕು ಇಂಚು, ಇನ್ನೊಂದರಲ್ಲಿ ಹುಕ್ಕು ಅರ್ಧ ಬಾಗಿದ್ದು. ವಿಚಾರಿಸಿದಾಗ ಕಾರಣ ಕೂಲಿಯಲ್ಲಿತ್ತು. ಅವರ ದರ ಟನ್ನಿಗೆ ಇಷ್ಟು ಎಂದು. ದಪ್ಪ ರಾಡು ಕಟ್ಟಿದರೆ ತೂಕ ಬೇಗ ಕೂಡುತ್ತದೆ, 8 ಮಿಲಿಮೀಟರಿನ ರಿಂಗು ದಿನವಿಡೀ ಮಡಚಿದರೂ ತೂಕ ಆಗುವುದಿಲ್ಲ. ಕಟ್ಟಡದ ಜೀವ ಯಾವುದರಲ್ಲಿದೆಯೋ ಅದಕ್ಕೇ ಅತಿ ಕಡಿಮೆ ಕೂಲಿ. ಎಷ್ಟು ಗದರಿದರೂ ಇದು ಸರಿಹೋಗುವುದಿಲ್ಲ. ಹಿರಿಯಣ್ಣನ ಜೊತೆ ಕೂತು ರಿಂಗಿಗೆ ಬೇರೆ ದರ ಮಾಡಿದೆವು, ಒಂದೊಂದು ರಿಂಗಿಗೆ ಇಷ್ಟು ಎಂದು, ಹುಕ್ಕು ಸರಿ ಇದ್ದವಕ್ಕೆ ಮಾತ್ರ. ಮರುವಾರದಿಂದ ನಾನು ಅಳೆಯುವ ಮೊದಲೇ ಮೇಸ್ತ್ರಿ ಅಳೆದು ಬೇರ್ಪಡಿಸುತ್ತಿದ್ದರು. ಇಡೀ ಪ್ರಕರಣದಲ್ಲಿ ನಾವು ಮಾಡಿದ ಅತ್ಯಂತ ಫಲಕಾರಿ ಬದಲಾವಣೆ ಇದೆಂದು ನನ್ನ ನಂಬಿಕೆ.

ರಾಡಿನ ಆಯ್ಕೆ ಎಫ್‌ಇ 500ಡಿ. ಆ ‘ಡಿ’ ಇರುವ ರಾಡು ತುಂಡಾಗುವ ಮೊದಲು ಹೆಚ್ಚು ಹಿಗ್ಗುತ್ತದೆ. ಕಾಂಕ್ರೀಟು ಎಂ25 ದರ್ಜೆಯದು.

ಮೊದಲ ಸ್ಲ್ಯಾಬಿನ ಹಿಂದಿನ ದಿನ

ಸೆಂಟ್ರಿಂಗ್ (ಕಾಂಕ್ರೀಟು ಸುರಿಯುವ ಅಚ್ಚು) ಮುಗಿದು, ಬೀಮು-ಸ್ಲ್ಯಾಬಿನ ರಾಡು ಕಟ್ಟಿ, ಮರುದಿನ ಬೆಳಗ್ಗೆಗೆ ಕಾಂಕ್ರೀಟು ಲಾರಿ, ಪಂಪು ಹೇಳಿಯಾಗಿತ್ತು. ಸಂಜೆ ಕೂಡುಗಳನ್ನು ನೋಡುತ್ತ ಹೋದೆ. ಕಾಲಂ ಮತ್ತು ಬೀಮು ಸೇರುವ ಜಾಗದಲ್ಲಿ ಒಂದೂ ರಿಂಗಿಲ್ಲ. ಬೀಮಿನ ತಳದವರೆಗೆ ಮೂರು ಇಂಚಿಗೊಂದು ಚೆಂದವಾಗಿ ಬಂದ ರಿಂಗುಗಳು ಅಲ್ಲಿ ನಿಂತು, ಸ್ಲ್ಯಾಬಿನ ಮೇಲೆ ಮತ್ತೆ ಶುರುವಾಗುತ್ತಿದ್ದವು. ನಡುವಿನ ಒಂದೂವರೆ ಅಡಿ ಖಾಲಿ. ನಾಲ್ಕೂ ಕಡೆಯ ಬೀಮು ಎಳೆದು ತಿರುಚುವುದು ಆ ಒಂದೂವರೆ ಅಡಿಯನ್ನೇ.

“ಸರ್, ಬೀಮಿನ ರಾಡು ಹೊಕ್ಕ ಮ್ಯಾಲೆ ರಿಂಗ್ ಎಲ್ಲಿಂದ ತೂರಸೂದ್ರಿ?” ಎಂದರು ಮೇಸ್ತ್ರಿ. ಅವರ ಮಾತು ಸರಿ. ಸೆಂಟ್ರಿಂಗಿನ ಡಬ್ಬಿಯೊಳಗೆ ಕೂತ ಬೀಮಿನ ರಾಡುಗಳ ನಡುವೆ ಮುಚ್ಚಿದ ರಿಂಗು ತೂರಿಸಲು ದಾರಿಯೇ ಇಲ್ಲ. ಗುತ್ತಿಗೆದಾರರು ಇದೊಂದು ಸ್ಲ್ಯಾಬು ಹೀಗೇ ಹೋಗಲಿ, ಮುಂದಿನದರಿಂದ ನೋಡೋಣ ಎಂದರು. ಆದರೆ ಇದು ಪಾರ್ಕಿಂಗಿನ ಮೇಲಿನ ಸ್ಲ್ಯಾಬು. ಎಲ್ಲಕ್ಕಿಂತ ಹೆಚ್ಚು ಬಲ ಬೀಳುವ ಕೂಡುಗಳು ಇವೇ. ರಿಂಗನ್ನು ಎರಡು ತುಂಡು ಮಾಡಿ ಅತ್ತಿತ್ತಲಿಂದ ಸೇರಿಸೋಣ ಎಂಬ ಸಲಹೆಯೂ ಬಂತು. ಕಾಲಂಗೆ ಮುಚ್ಚಿದ ರಿಂಗೇ ಬೇಕು ಎಂದು ಅದನ್ನು ಬಿಟ್ಟೆ. ಹಿರಿಯಣ್ಣನಿಗೆ ಫೋನು ಮಾಡಿ ಕಾಂಕ್ರೀಟು ಮುಂದೂಡಬೇಕೆಂದೆ. ಅವರು ಕಾರಣ ಕೇಳಿದರು, ಖರ್ಚು ಎಷ್ಟೆಂದು ಕೇಳಲಿಲ್ಲ. “ನಿಲ್ಲಿಸ್ರಿ” ಎಂದರು.

ಮರುದಿನ ಪರಿಹಾರ ಹೇಳಿದ್ದು ಮೇಸ್ತ್ರಿ. ಬೀಮಿನ ರಾಡನ್ನು ಡಬ್ಬಿಯೊಳಗೆ ಕಟ್ಟುವುದು ಬಿಟ್ಟು, ಡಬ್ಬಿಯ ಮೇಲೆ ಅಡ್ಡ ಕಟ್ಟಿಗೆ ಇಟ್ಟು ಎತ್ತರದಲ್ಲೇ ಕಟ್ಟುವುದು. ಕೂಡಿಗೆ ಬೇಕಾದ ರಿಂಗುಗಳನ್ನು ಮೊದಲೇ ಕಾಲಂ ರಾಡಿಗೆ ತೊಡಿಸಿ, ಬೀಮಿನ ರಾಡುಗಳು ಅವುಗಳ ನಡುವೆ ಹಾಯುವಂತೆ ಮಾಡಿ, ಆಮೇಲೆ ಕಟ್ಟಿಗೆ ತೆಗೆದು ಎಲ್ಲವನ್ನೂ ಒಟ್ಟಿಗೆ ಕೆಳಗಿಳಿಸುವುದು. ಇಳಿದ ಮೇಲೆ ರಿಂಗುಗಳನ್ನು ಅಂತರಕ್ಕೆ ಸರಿಸಿ ತಂತಿ ಬಿಗಿಯುವುದು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಲು ಕೆಲವು ದಿನ ಹಿಡಿಯಿತು. ಕೂಡಿನಲ್ಲಿ ರಾಡು ಕಿಕ್ಕಿರಿದದ್ದರಿಂದ ಅಲ್ಲಿಗೆ ಸಣ್ಣ ಖಡಿಯ (ಜಲ್ಲಿಯ) ಕಾಂಕ್ರೀಟು, ತೆಳುವಾದ ವೈಬ್ರೇಟರ್ ಸೂಜಿ ಬಳಸಿದೆವು. ಪ್ರತಿ ಕೂಡನ್ನೂ ಕಾಂಕ್ರೀಟಿಗೆ ಮೊದಲು ಅಳತೆಪಟ್ಟಿ ಹಿಡಿದು ಫೋಟೋ ತೆಗೆದು ಕಡತದಲ್ಲಿ ಇಟ್ಟೆವು. ಮೇಲಿನ ಸ್ಲ್ಯಾಬುಗಳಿಗೆ ಈ ಕ್ರಮ ಅಭ್ಯಾಸವಾಗಿ, ಹೆಚ್ಚಿನ ಸಮಯವೇ ಬೇಕಾಗಲಿಲ್ಲ. ಆ ಮೇಸ್ತ್ರಿ ಈಗ ಬೇರೆ ಸೈಟುಗಳಲ್ಲೂ ಹೀಗೇ ಕಟ್ಟುತ್ತಾರೆ.

ಆದದ್ದು, ಆಗದ್ದು

ಮನೆ ಮುಗಿದು ಜನ ವಾಸಕ್ಕೆ ಬಂದಿದ್ದಾರೆ. ಅದನ್ನು ಪರೀಕ್ಷಿಸುವ ಭೂಕಂಪ ಬಂದಿಲ್ಲ, ಬರದಿರಲಿ. ಆದ್ದರಿಂದ ನಾನು ಹೇಳಬಹುದಾದದ್ದು ಇಷ್ಟೆ: ಲೆಕ್ಕದಲ್ಲಿ ಪ್ರತಿ ಅಂತಸ್ತಿನ ವಾಲುವಿಕೆ ಎತ್ತರದ 0.004 ಭಾಗದ ಮಿತಿಯೊಳಗಿದೆ, 28 ದಿನಕ್ಕೆ ಪರೀಕ್ಷಿಸಿದ ಕಾಂಕ್ರೀಟಿನ ಕ್ಯೂಬುಗಳು ಬೇಕಾದ ಬಲ ಕೊಟ್ಟವು, ಡ್ರಾಯಿಂಗಿನಲ್ಲಿ ಬರೆದದ್ದು ಕಾಂಕ್ರೀಟಿನೊಳಗೆ ಇದೆ ಎಂಬುದಕ್ಕೆ ಫೋಟೋಗಳಿವೆ. ದೊಡ್ಡ ಭೂಕಂಪವಾದರೆ ಗೋಡೆಗಳು ಬಿರುಕು ಬಿಡುತ್ತವೆ, ಬೀಮಿನ ತುದಿಗಳು ಸೀಳುತ್ತವೆ, ದುರಸ್ತಿ ಬೇಕಾಗುತ್ತದೆ ಎಂದು ಮನೆಯವರಿಗೆ ಬರೆದೇ ಕೊಟ್ಟಿದ್ದೇನೆ. “ಜನ ಹೊರಗ ಬರಬೇಕ್ರಿ. ಮನಿ ಆಮ್ಯಾಲೆ ನೋಡೋಣು” ಎಂದರು ಹಿರಿಯಣ್ಣ. ಮಾನಕದ ಉದ್ದೇಶವೂ ಅದೇ.

ಖರ್ಚಿನಲ್ಲಿ ಕಾಂಕ್ರೀಟ್ ಗೋಡೆ ಮತ್ತು ರಿಂಗುಗಳಿಂದ ಏರಿದ್ದಕ್ಕೆ ಬೀಮುಗಳ ಆಳ, ಒಳಗೋಡೆಯ ತೂಕ ಇಳಿದದ್ದರಿಂದ ಒಂದಿಷ್ಟು ಪಾಲು ವಾಪಸು ಬಂತು. ಉಳಿದ ಹೆಚ್ಚುವರಿಗೆ ಮುಂಭಾಗದ ಗ್ರಾನೈಟ್ ಹೊದಿಕೆಯನ್ನು ಕೈಬಿಟ್ಟರು.

ವಾಸಕ್ಕೆ ಬಂದ ಮೇಲೆ ಒಂದು ಘಟನೆ ನಡೆಯಿತು. ಅಂಗಡಿಯ ಬಾಡಿಗೆದಾರರು ಸಾಮಾನು ಇಡಲೆಂದು ಪಾರ್ಕಿಂಗಿನ ಎರಡು ಕಾಲಂಗಳ ನಡುವೆ ನಾಲ್ಕು ಅಡಿ ಎತ್ತರದ ಇಟ್ಟಂಗಿ ಗೋಡೆ ಕಟ್ಟಿಸಿದರು. ನೋಡಲು ನಿರಪಾಯ. ಆದರೆ ಆ ಗೋಡೆ ಕಾಲಂನ ಕೆಳಭಾಗವನ್ನು ಹಿಡಿದುಬಿಡುತ್ತದೆ, ಬಾಗಲು ಮೇಲಿನ ತುಂಡು ಮಾತ್ರ ಉಳಿಯುತ್ತದೆ. ಗಿಡ್ಡವಾದ ಕಾಲಂ ಬಿಗಿಯಾಗುತ್ತದೆ, ಬಿಗಿಯಾದದ್ದು ಹೆಚ್ಚು ಬಲ ಎಳೆದುಕೊಂಡು ಓರೆಯಾಗಿ ಸೀಳುತ್ತದೆ. ಮೆಟ್ಟಿಲಿನ ನಡುಬೀಮು ಸೇರುವ ಕಾಲಂಗಳಲ್ಲಿ ಇದೇ ಕಾರಣಕ್ಕೆ ಪೂರ್ತಿ ಎತ್ತರಕ್ಕೂ ಒತ್ತಾಗಿ ರಿಂಗು ಹಾಕಿದ್ದೆವು, ಈ ಕಾಲಂಗಳಲ್ಲಿ ಹಾಕಿರಲಿಲ್ಲ. ಗೋಡೆಯನ್ನು ಎರಡೂ ಕಾಲಂನಿಂದ ಎರಡು ಇಂಚು ಕತ್ತರಿಸಿ ಬಿಡಿಸಿ, ಸಂದಿಗೆ ಥರ್ಮೋಕೋಲ್ ತುಂಬಿ, ಗೋಡೆ ಪಕ್ಕಕ್ಕೆ ಬೀಳದಂತೆ ಪ್ರತ್ಯೇಕ ಆಸರೆ ಕೊಟ್ಟೆವು. ಅಂದಿನಿಂದ ಬಾಡಿಗೆ ಕರಾರಿನಲ್ಲೇ ಒಂದು ಸಾಲು ಸೇರಿದೆ: ಎಂಜಿನಿಯರರ ಒಪ್ಪಿಗೆ ಇಲ್ಲದೆ ಗೋಡೆ ಕಟ್ಟುವಂತಿಲ್ಲ, ಒಡೆಯುವಂತಿಲ್ಲ.

ಇತ್ತೀಚೆಗೆ ಕಿರಿಯ ತಮ್ಮ ಮಾಳಿಗೆಯ ಮೇಲೆ ಇನ್ನೊಂದು ಅಂತಸ್ತು ಎತ್ತಬಹುದೇ ಎಂದು ಕೇಳಿದರು. ಕಡತ ತೆಗೆದು ಕೂತೆವು. ಇನ್ನೊಂದು ಅಂತಸ್ತಿನ ತೂಕ ಸೇರಿದರೆ ಬುಡದ ಅಡ್ಡಬಲ ಏರುತ್ತದೆ, ಪಾರ್ಕಿಂಗಿನ ಕಾಲಂ ಮತ್ತು ಗೋಡೆಗಳಲ್ಲಿ ಅದಕ್ಕೆ ಬೇಕಾದ ಮಿಗತೆ ಇಲ್ಲ. ಅಂತಸ್ತಿಗೆ ಆಗದು ಎಂದೆ. ಉಕ್ಕಿನ ಚೌಕಟ್ಟು, ಹಗುರ ಶೀಟಿನ ಮಾಡಿರುವ ಒಂದು ಕೋಣೆಯ ಲೆಕ್ಕ ಹಾಕಿ ಕೊಟ್ಟಿದ್ದೇನೆ, ಅವರು ಇನ್ನೂ ಯೋಚಿಸುತ್ತಿದ್ದಾರೆ.